ಅರ್ಥಶಾಸ್ತ್ರಜ್ಞ ಡಾಕ್ಟರ್ ವಿ. ಕೆ. ಆರ್. ವಿ. ರಾವ್

ಅರ್ಥಶಾಸ್ತ್ರವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾರ್ಥಿನಿಯರ ಮನಸ್ಸಿಗೆ ಬ್ಯಾಂಕು, ತೆರಿಗೆ, ಪೇಟೆಯ ಧಾರಣೆ ಮೊದಲಾದುವೇ ತೋರುವುದು ಸಹಜ. ಆದರೆ ಈ ಶಾಸ್ತ್ರದ ಮೂಲದಲ್ಲಿರುವುದು ಹಣವಲ್ಲ, ಮನುಷ್ಯನ ದುಡಿಮೆ. ಒಂದು ದೇಶದ ಜನ ವರ್ಷವೆಲ್ಲ ದುಡಿದು ಪಡೆಯುವುದೆಷ್ಟು, ಆ ದುಡಿಮೆ ಏಕೆ ಸಾಲದೆ ಹೋಗುತ್ತದೆ, ವಿದ್ಯೆಯಿಂದ ಅದಕ್ಕೆ ಒದಗುವ ಬಲವೇನು ಎಂಬ ಪ್ರಶ್ನೆಗಳಿಗೆ ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟ ಮಹನೀಯರಲ್ಲಿ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಅಗ್ರಗಣ್ಯರು. ಅವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ನಿರೂಪಿಸಲು ನಾವು ಉದ್ಯುಕ್ತರಾಗಿದ್ದೇವೆ. ಮಗಳನ್ನು ಶಾಲೆಗೆ ಕಳುಹಿಸುವುದೋ ಮನೆಯ ಕೆಲಸಕ್ಕೆ ನಿಲ್ಲಿಸಿಕೊಳ್ಳುವುದೋ ಎಂಬ ವಿಚಾರವು ನಮ್ಮ ಕಬ್ಬಾಳಿನ ಸೀಮೆಯಲ್ಲಿ ಪ್ರತಿಯೊಂದು ರೇಷ್ಮೆ ಬೆಳೆಯ ಕಾಲದಲ್ಲಿಯೂ ತಲೆಯೆತ್ತುತ್ತದೆ. ಆದುದರಿಂದ ಈ ಚರಿತ್ರೆಯು ವಿದ್ಯಾರ್ಥಿನಿಯರಿಗೆ ಮಾತ್ರವಲ್ಲದೆ ಅವರ ತಾಯಿತಂದೆಯರಿಗೂ ಉಪಯುಕ್ತವಾದೀತೆಂದು ನಂಬಿದ್ದೇವೆ.

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಎಂಬುದು ಅವರ ಪೂರ್ಣ ನಾಮಧೇಯ. ಅವರು 1908ನೆಯ ಇಸವಿ ಜುಲೈ ತಿಂಗಳ 8ನೆಯ ತಾರೀಖಿನಂದು ಕಾಂಚೀಪುರದಲ್ಲಿ ಜನಿಸಿದರು. ಬಾಲ್ಯದ ವ್ಯಾಸಂಗವು ತಮಿಳು ಸೀಮೆಯಲ್ಲಿ ನಡೆಯಿತು. ತರುವಾಯ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸಮಾಡಿ ಬಿ.ಎ. ಮತ್ತು ಎಂ.ಎ. ಪದವಿಗಳನ್ನು ಪಡೆದರು. ಭಾರತದ ಆದಾಯ ತೆರಿಗೆಯನ್ನು ಕುರಿತ ಅವರ ಗ್ರಂಥವು 1931ರಲ್ಲಿಯೇ ಪ್ರಕಟವಾಯಿತು. ಆಗ ಅವರಿಗೆ ಇಪ್ಪತ್ತಮೂರು ವರ್ಷ ಪ್ರಾಯ.

ಅನಂತರ ಅವರು ಆಂಗ್ಲ ದೇಶಕ್ಕೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಾನ್ವಿಲ್ ಅಂಡ್ ಕೀಸ್ ಕಾಲೇಜನ್ನು ಸೇರಿದರು. ಆ ಕಾಲಕ್ಕೆ ಜಗತ್ತಿನ ಅರ್ಥಶಾಸ್ತ್ರಜ್ಞರಲ್ಲಿ ಬಹು ಪ್ರಸಿದ್ಧರಾಗಿದ್ದ ಜಾನ್ ಮೇನಾರ್ಡ್ ಕೇನ್ಸ್ ಅವರು ಕೇಂಬ್ರಿಜ್‌ನಲ್ಲಿದ್ದರು. ನಿರುದ್ಯೋಗದ ಕಾರಣಗಳನ್ನು ಕುರಿತ ಅವರ ಮಹಾಗ್ರಂಥವು ಹೊರಬಂದುದೂ 1936ರಲ್ಲಿ, ರಾಯರು ಅಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ. ಅಂಥ ವಿದ್ವತ್ಪರಿಸರದಲ್ಲಿದ್ದುಕೊಂಡು ರಾಯರು ಆರಿಸಿಕೊಂಡ ವಿಷಯವಾದರೋ ತಮ್ಮ ತಾಯ್ನಾಡಿನ ಬಡತನ. ಭಾರತದ ಜನರೆಲ್ಲರ ವಾರ್ಷಿಕ ಆದಾಯವೆಷ್ಟೆಂದು ಲೆಕ್ಕ ಹಾಕುವ ಕಾರ್ಯಕ್ಕೆ ಅವರು ಕೈಹಾಕಿದರು. 1937ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಈ ವಿಷಯವಾಗಿ ಅವರು ಬರೆದ ಎರಡು ಗ್ರಂಥಗಳು 1939 ಮತ್ತು 1940ರಲ್ಲಿ ಪ್ರಕಟವಾದುವು. ಎರಡನೆಯದು 1931-32ನೆಯ ಸಾಲಿನ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ನಿರ್ಣಯಿಸಿತು.

ಈ ಕಾರ್ಯದ ಕಷ್ಟವನ್ನು ನಮ್ಮ ಸೀಮೆಯ ನಿದರ್ಶನದಿಂದ ತಿಳಿಯಬಹುದು. ಹೊಲದಲ್ಲಿ ಬೆಳೆದ ರಾಗಿಯನ್ನು ಅಳೆಯಬಹುದು. ರಾಮನಗರದ ಮಾರುಕಟ್ಟೆಗೆ ಬಂದ ರೇಷ್ಮೆ ಗೂಡನ್ನು ತೂಗಬಹುದು. ಚನ್ನಪಟ್ಟಣದ ಗೊಂಬೆಗಳನ್ನು ಎಣಿಸಬಹುದು. ಆದರೆ ಉಪಾಧ್ಯಾಯಿನಿಯ ಪಾಠವನ್ನಾಗಲಿ, ಕ್ಷೌರಿಕನ ಕೆಲಸವನ್ನಾಗಲಿ ಅಳೆಯುವುದು ಹೇಗೆ? ಇಂಥವರ ದುಡಿಮೆಯನ್ನು ಅವರಿಗೆ ದೊರೆಯುವ ಸಂಪಾದನೆಯಿಂದ ಲೆಕ್ಕ ಹಾಕಬೇಕು. ಬೆಳೆದ ಮತ್ತು ತಯಾರಿಸಿದ ವಸ್ತುಗಳಿಗೆ ಉತ್ಪತ್ತಿಯ ಲೆಕ್ಕ, ಉಳಿದವರಿಗೆ ಸಂಪಾದನೆಯ ಲೆಕ್ಕ ಎಂದು ಎರಡು ಕ್ರಮಗಳನ್ನೂ ಕೂಡಿಸಿ ರಾಯರು ತಮ್ಮ ಗಣನೆಯನ್ನು ಮುಗಿಸಿದರು. ತಲೆಯೊಂದಕ್ಕೆ ವರ್ಷಕ್ಕೆ ಬಂದ ಆದಾಯವು ನೂರು ರೂಪಾಯಿಗೂ ಬಹಳ ಕಡಿಮೆಯಾಗಿತ್ತು. ದೇಶದ ಬಡತನವು ಅಂಕಿಗಳ ರೂಪದಲ್ಲಿ ಲೋಕದ ಮುಂದೆ ನಿಂತಿತು. ದಾದಾಭಾಯಿ ನವರೋಜಿಯವರು ಹಿಂದಿನ ಶತಮಾನದಲ್ಲಿ ಆರಂಭಿಸಿದ್ದ ಈ ಗಣನೆಗೆ ರಾಯರ ಪರಿಶ್ರಮದಿಂದ ಶಾಸ್ತ್ರೀಯವಾದ ತಳಹದಿ ದೊರೆಯಿತು.

ಇಲ್ಲಿ ನಮ್ಮ ವಿದ್ಯಾರ್ಥಿನಿಯರು ಒಂದು ಸಂಗತಿಯನ್ನು ಗಮನಿಸಬೇಕು. ರಾಷ್ಟ್ರೀಯ ಆದಾಯವನ್ನು ಗಣಿಸುವ ರೂಢಿಯ ಕ್ರಮದಲ್ಲಿ ತಾಯಿಯು ಮನೆಯವರಿಗಾಗಿ ನೀರು ಹೊರುವುದೂ ಮುದ್ದೆ ತೊಳಸುವುದೂ ಮಗುವನ್ನು ಸಾಕುವುದೂ ಸೇರುವುದಿಲ್ಲ. ಅದಕ್ಕೆ ಕೂಲಿ ಸಲ್ಲುವುದಿಲ್ಲವಷ್ಟೆ. ಅದೇ ಕೆಲಸವನ್ನು ನೆರೆಮನೆಯಲ್ಲಿ ಸಂಬಳಕ್ಕೆ ಮಾಡಿದರೆ ಲೆಕ್ಕಕ್ಕೆ ಬರುತ್ತದೆ. ಎಣಿಕೆಗೆ ಬಾರದ ದುಡಿಮೆಯು ಕಣ್ಣಿಗೂ ಬೀಳದೆ ಹೋಗುವ ಭಯವುಂಟು. ಎಣಿಸುವ ವಿದ್ಯೆಯನ್ನು ಹೆಣ್ಣುಮಕ್ಕಳು ಕಲಿಯಬೇಕಾದುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಸ್ವದೇಶಕ್ಕೆ ಹಿಂದಿರುಗಿದ ರಾಯರು ಅಹಮದಾಬಾದಿನ ಕಲಾ ಕಾಲೇಜೊಂದರ ಪ್ರಾಂಶುಪಾಲರಾಗಿ 1937ರಿಂದ 1942ರವರೆಗೆ ಕೆಲಸಮಾಡಿದರು. ಅನಂತರ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಯುದ್ಧದ ಕೊನೆಯ ವರ್ಷಗಳಲ್ಲಿ ಸರ್ಕಾರದ ಅಂಕಿ ಅಂಶಗಳ ಇಲಾಖೆಯಲ್ಲಿಯೂ, 1946-47ರಲ್ಲಿ ವಾಷಿಂಗ್‌ಟನ್ನಿನಲ್ಲಿ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿಯೂ ಸೇವೆ ಸಲ್ಲಿಸಿದರು. ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿ ಉಪಸಮಿತಿಗೆ ಅಧ್ಯಕ್ಷರಾಗಿದ್ದಾಗ, ಬಡ ದೇಶಗಳಿಗೆ ಸುಲಭ ನಿಯಮಗಳ ಮೇಲೆ ಹಣವೊದಗಿಸುವ ಸಂಸ್ಥೆಯೊಂದು ಬೇಕೆಂದು 1949ರಲ್ಲಿ ಸಲಹೆಯಿತ್ತರು. ಶ್ರೀಮಂತ ರಾಷ್ಟ್ರಗಳು ಆಗ ಅದಕ್ಕೆ ಒಪ್ಪಲಿಲ್ಲ. ಆದರೆ ಆ ವಿಚಾರವು ನಾನಾ ರೂಪಗಳನ್ನು ತಾಳಿ, 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘವು ಹುಟ್ಟಲು ದಾರಿಯಾಯಿತು.

ಅದೇ 1949ರಲ್ಲಿ ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಭಾರತದ ಪ್ರಶ್ನೆಗಳಿಗೆ ಭಾರತದ ನೆಲದ ಮೇಲೆಯೇ ಉತ್ತರ ಹುಡುಕಬೇಕೆಂಬುದು ಅವರ ಸಂಕಲ್ಪ. ಆ ಸಂಸ್ಥೆಯ ಪತ್ರಿಕೆಯಲ್ಲಿ 1952ರಲ್ಲಿ ಪ್ರಕಟವಾದ ಅವರ ಒಂದು ಲೇಖನವು ವಿದ್ವಾಂಸರ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯಿತು. ಸರ್ಕಾರವು ಹಣ ಖರ್ಚುಮಾಡಿದರೆ ಒಬ್ಬನ ಕೂಲಿ ಮತ್ತೊಬ್ಬನ ವ್ಯಾಪಾರವಾಗಿ, ಅವನ ಲಾಭ ಮೂರನೆಯವನ ಕೆಲಸವಾಗಿ, ಆದಾಯವು ಇಮ್ಮಡಿ ಮುಮ್ಮಡಿಯಾಗುವುದೆಂದು ಕೇನ್ಸ್ ಅವರ ಸಿದ್ಧಾಂತ. ಯಂತ್ರಗಳೂ ಕೆಲಸಗಾರರೂ ಬಿಡುವಾಗಿ ಕುಳಿತಿರುವ ಕೈಗಾರಿಕೆಯ ದೇಶಗಳಿಗೆ ಇದು ಸಲ್ಲುತ್ತದೆ. ನಮ್ಮಲ್ಲಿಯಾದರೋ ಬಹುಮಂದಿ ಕೂಲಿಗಾಗಿ ದುಡಿಯುವವರಲ್ಲ, ಸ್ವಂತ ಹೊಲದಲ್ಲಿ ಮನೆಮಂದಿಯೊಡನೆ ದುಡಿಯುವವರು. ಬೇಡಿಕೆ ಹೆಚ್ಚಿತೆಂದು ಭೂಮಿಯು ಒಡನೆಯೇ ಹೆಚ್ಚು ಧಾನ್ಯವನ್ನು ಕೊಡುವುದಿಲ್ಲ. ಆಗ ಹೆಚ್ಚುವುದು ಬೆಲೆಯೇ ಹೊರತು ಬೆಳೆಯಲ್ಲ. ಆದುದರಿಂದ ಬಡ ದೇಶವು ಹೆಚ್ಚು ದುಡಿದು ಹೆಚ್ಚು ಉಳಿಸುವ ಹಳೆಯ ಮಾರ್ಗವನ್ನೇ ಹಿಡಿಯಬೇಕೆಂದು ರಾಯರು ನಿರ್ಣಯಿಸಿದರು. ಗುರುಪೀಠದ ಸಿದ್ಧಾಂತವಾದರೂ ನಮ್ಮ ನೆಲಕ್ಕೆ ಹೊಂದುವುದೇ ಎಂದು ಪರೀಕ್ಷಿಸಿ ನೋಡಿದ ಧೈರ್ಯ ಇಲ್ಲಿ ಮೆಚ್ಚತಕ್ಕುದು.

ಆ ಲೇಖನದ ವಿಚಾರಕ್ಕೆ ಆಧಾರವಾದ ಸಂಗತಿಗಳಲ್ಲಿ ಮರೆಯಲ್ಲಿರುವ ನಿರುದ್ಯೋಗವೂ ಒಂದು. ಇಬ್ಬರಿಂದ ಆಗುವ ಕೆಲಸವನ್ನು ನಾಲ್ವರು ಹಂಚಿಕೊಂಡು ಮಾಡಿದರೆ ನಾಲ್ವರೂ ದುಡಿಯುತ್ತಿರುವಂತೆಯೇ ಕಾಣುತ್ತದೆ. ಆದರೆ ಇಬ್ಬರ ಶ್ರಮಕ್ಕೆ ಫಲವಿಲ್ಲ. ರೇಷ್ಮೆ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲವು ಎಂಬುದನ್ನು ನಾವು ಬಲ್ಲೆವು. ಆ ಒಂದು ವಾರದ ಸೊಪ್ಪಿನ ಹೊರೆ ಸಾಮಾನ್ಯವಾದುದಲ್ಲ. ಆದರೆ ಆ ವಾರದ ನೆವದಿಂದ ಬಾಲಿಕೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿಕೊಂಡರೆ, ಮಿಕ್ಕ ದಿನಗಳಲ್ಲಿ ಅವಳ ದುಡಿಮೆಯಿಂದ ಒಂದು ಗೂಡಾದರೂ ಹೆಚ್ಚುವುದೇ? ಅವಳು ಕಳೆದುಕೊಂಡ ಪಾಠವಾದರೋ ಮರಳಿ ಬಾರದು. ಹಿರಿಯರು ಇದನ್ನು ಶಾಂತಚಿತ್ತದಿಂದ ಲೆಕ್ಕ ಹಾಕಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ.

ರಾಯರು 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. 1958ರಲ್ಲಿ ಅವರು ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಎಂಬ ಸಂಶೋಧನಾಲಯವನ್ನು ಸ್ಥಾಪಿಸಿದರು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ದೆಹಲಿಗೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಲಾರಂಭಿಸಿದುದೂ ರಾಯರು ಉಪಕುಲಪತಿಗಳಾಗಿದ್ದ ಕಾಲದಲ್ಲಿಯೇ, 1959ರಲ್ಲಿ. ಓದಿದವರಿಗೂ ಉದ್ಯೋಗಕ್ಕೂ ಇರುವ ಸಂಬಂಧವನ್ನು ರಾಯರು ಊಹೆಗೆ ಬಿಡಲಿಲ್ಲ. ದೆಹಲಿಯ ಪದವೀಧರರನ್ನೇ ನಿದರ್ಶನವಾಗಿಟ್ಟುಕೊಂಡು ವಿಶ್ವವಿದ್ಯಾನಿಲಯದ ಶಿಕ್ಷಣ ಮತ್ತು ಉದ್ಯೋಗವನ್ನು ಕುರಿತು ಅವರು ರಚಿಸಿದ ಅಧ್ಯಯನವು 1961ರಲ್ಲಿ ಪ್ರಕಟವಾಯಿತು. ಶಿಕ್ಷಣ ಮತ್ತು ಮಾನವ ಸಂಪನ್ಮೂಲದ ಅಭಿವೃದ್ಧಿಯನ್ನು ಕುರಿತ ಅವರ ಗ್ರಂಥವು 1966ರಲ್ಲಿ ಹೊರಬಂದಿತು. ಅಮೆರಿಕದ ಥಿಯೊಡರ್ ಷುಲ್ಟ್ಜ್ ಅವರು ವಿದ್ಯೆಗೆ ಮಾಡುವ ವೆಚ್ಚವು ಮನುಷ್ಯನಲ್ಲಿ ಹೂಡಿದ ಬಂಡವಾಳವೆಂದು ಪ್ರತಿಪಾದಿಸುತ್ತಿದ್ದ ಕಾಲವದು. ಅಣೆಕಟ್ಟು, ಕಾರ್ಖಾನೆಗಳೇ ಅಭಿವೃದ್ಧಿಯೆಂದು ಬಹುಮಂದಿ ಎಣಿಸಿದ್ದಾಗ, ಅವುಗಳನ್ನು ನಡೆಸುವ ಮನುಷ್ಯನ ಆರೋಗ್ಯ, ವಿದ್ಯೆ, ಕುಶಲತೆಗಳಿಲ್ಲದೆ ಅವು ನಿಷ್ಫಲವೆಂಬುದನ್ನು ರಾಯರು ನಮ್ಮ ದೇಶದ ಯೋಜಕರ ಮುಂದಿಟ್ಟರು. 1963ರಿಂದ 1966ರವರೆಗೆ ಅವರು ಯೋಜನಾ ಆಯೋಗದ ಸದಸ್ಯರೂ ಆಗಿದ್ದರು.

ತರುವಾಯ ಅವರು ರಾಜಕೀಯವನ್ನು ಪ್ರವೇಶಿಸಿದರು. 1967ರಲ್ಲಿಯೂ 1971ರಲ್ಲಿಯೂ ನಮ್ಮ ನಾಡಿನ ಬಳ್ಳಾರಿ ಕ್ಷೇತ್ರದ ಜನರು ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು. ಮೊದಲು ಸಾರಿಗೆ ಮತ್ತು ನೌಕಾ ಸಚಿವರಾಗಿ, 1969ರಿಂದ 1971ರವರೆಗೆ ಶಿಕ್ಷಣ ಸಚಿವರಾಗಿ ಅವರು ಕೆಲಸಮಾಡಿದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದವರು ಇವರೇ. 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳಿಂದ ಅದು ಮೊದಲಾಯಿತು. ಪುಸ್ತಕ ಹಿಡಿದ ಕೈ ಗುದ್ದಲಿಯನ್ನೂ ಹಿಡಿದಾಗ ಊರಿನ ಕಷ್ಟವು ವಿದ್ಯಾವಂತರಿಗೆ ಅರ್ಥವಾಗುವುದು. ದುಡಿಮೆಯು ಕೀಳೆಂಬ ಭಾವನೆಯೂ ತೊಲಗುವುದು. ಸಮಾಜ ವಿಜ್ಞಾನಗಳ ಸಂಶೋಧನೆಗಾಗಿ ಅಖಿಲ ಭಾರತ ಪರಿಷತ್ತೊಂದು 1969ರಲ್ಲಿ ಸ್ಥಾಪಿತವಾದುದಕ್ಕೂ ರಾಯರ ಅಧ್ಯಕ್ಷತೆಯ ಸಮಿತಿಯ ಶಿಫಾರಸೇ ಕಾರಣ.

ಅಧಿಕಾರದ ಅವಧಿಯು ಮುಗಿದ ಮೇಲೆ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿ 1977ರವರೆಗೆ ಅದರ ನಿರ್ದೇಶಕರಾಗಿದ್ದರು. ಎಂ. ಎನ್. ಶ್ರೀನಿವಾಸರು ಸಹನಿರ್ದೇಶಕರಾಗಿ ಬಂದು ಕೂಡಿಕೊಂಡರು. ಒಬ್ಬರು ಅಂಕಿಗಳಿಂದಲೂ ಮತ್ತೊಬ್ಬರು ಹಳ್ಳಿಯಲ್ಲಿ ನೆಲೆಸಿ ಕಣ್ಣಾರೆ ಕಂಡುದರಿಂದಲೂ ಜನಜೀವನವನ್ನು ಅರಿತವರು. ಈ ಕೂಟವು ಬಹು ಯೋಗ್ಯವಾದುದು. ನಾಗರಭಾವಿಯಲ್ಲಿರುವ ಆ ಸಂಸ್ಥೆಯ ಗ್ರಂಥಾಲಯವು ರಾಯರ ಹೆಸರನ್ನು ಹೊತ್ತಿದೆ. ನಮ್ಮ ಕನಕಪುರದ ಕಡೆಯಿಂದ ಹೊರಟ ಬಾಲಿಕೆಯು ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದಾದ ದೂರದಲ್ಲಿ ಅದು ಇದೆ.

1974ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯು ಸಂದಿತು. ವೃದ್ಧಾಪ್ಯದಲ್ಲಿಯೂ ಲೇಖನಿಯನ್ನು ಕೆಳಗಿಡದೆ 1982ರಲ್ಲಿ ಭಾರತದ ಆಹಾರ, ಪೋಷಣೆ ಮತ್ತು ಬಡತನವನ್ನು ಕುರಿತೂ, ಮರುವರ್ಷ 1950ರಿಂದ 1980ರವರೆಗಿನ ರಾಷ್ಟ್ರೀಯ ಆದಾಯವನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ತಾರುಣ್ಯದಲ್ಲಿ ಎತ್ತಿಕೊಂಡ ಪ್ರಶ್ನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1991ರ ಜುಲೈ 25ರಂದು, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು.

ಅವರು ಬಯಸಿದುದೆಲ್ಲವೂ ಕೈಗೂಡಿತೆಂದು ಹೇಳಲಾಗದು. ಶಿಕ್ಷಣ ಸಚಿವರಾಗಿ ಅವರಿಗೆ ದೊರೆತ ಕಾಲವು ಅಲ್ಪ. ಓದಿಗೆ ತಕ್ಕ ಉದ್ಯೋಗವು ಎಲ್ಲರಿಗೂ ದೊರೆಯದೆ ಇರುವ ಸಂಕಟವು ಅವರು ಅದನ್ನು ಅಧ್ಯಯನಮಾಡಿ ಅರವತ್ತು ವರ್ಷಗಳು ಸಂದ ಮೇಲೆಯೂ ನೀಗಿಲ್ಲ. ಆದರೂ ಅವರು ಕಟ್ಟಿದ ಮೂರು ಸಂಸ್ಥೆಗಳು ಅವರ ತರುವಾಯವೂ ನಿಂತು ವಿದ್ವಾಂಸರನ್ನು ತಯಾರಿಸುತ್ತಿವೆ. ಕಟ್ಟುವುದು, ಬೇರೂರುವವರೆಗೆ ಕಾಪಾಡುವುದು, ಬಳಿಕ ಬೇರೆಯವರ ಕೈಗೆ ಒಪ್ಪಿಸಿ ಮುಂದಿನ ಕಾರ್ಯಕ್ಕೆ ಹೊರಡುವುದು, ಇದು ಅವರ ರೀತಿ. ಶಾಲೆಯನ್ನು ನಡೆಸುವವರೆಲ್ಲರೂ ಕಲಿಯತಕ್ಕ ಗುಣವಿದು.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಲ್ಲರೂ ಕೇಂಬ್ರಿಜ್‌ಗೆ ಹೋಗಲಾರಿರಿ. ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಆದರೆ ನಿಮ್ಮ ಮನೆಯ ಒಂದು ಬೆಳೆಗೆ ತಗಲಿದ ಸೊಪ್ಪೆಷ್ಟು, ಮೊಟ್ಟೆಗೆ ಕೊಟ್ಟುದೆಷ್ಟು, ಗೂಡು ಮಾರಿ ಬಂದುದೆಷ್ಟು, ತಾಯಿ ಎದ್ದ ಹೊತ್ತೇನು, ಮಲಗಿದ ಹೊತ್ತೇನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ನಿಮ್ಮಿಂದ ಆಗದ ಕೆಲಸವಲ್ಲ. ರಾಯರು ದೇಶಕ್ಕೆ ಮಾಡಿದುದನ್ನು ನೀವು ಮನೆಗೆ ಮಾಡಿದಂತಾಗುವುದು. ಅಂಥ ಪುಸ್ತಕವನ್ನು ತಂದು ತೋರಿಸಿದ ಬಾಲಿಕೆಯೊಡನೆ ಕುಳಿತು ಲೆಕ್ಕವನ್ನು ಪರಿಶೀಲಿಸಲು ನಾವು ಸದಾ ಸಿದ್ಧರಿದ್ದೇವೆ.