ನಮ್ಮನ್ನೂ ಕೇಳಿ ಅಂದ ಹಾಕಿ ಕ್ಯಾಪ್ಟನ್

ಒಲಿಂಪಿಕ್ಸ್ ಹಾಕಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಧ್ಯಾನ್ ಚಂದ್. ಆದರೆ 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತಕ್ಕೆ ಮೊದಲ ಹಾಕಿ ಚಿನ್ನ ಬಂದಾಗ ತಂಡದ ಕ್ಯಾಪ್ಟನ್ ಜೈಪಾಲ್ ಸಿಂಗ್ ಮುಂಡಾ. ಅವರು ಆಡಿದ ಇನ್ನೊಂದು ಆಟ ಇದಕ್ಕಿಂತ ಕಷ್ಟದ್ದು. ಅದು ನಡೆದದ್ದು ಸಂವಿಧಾನ ಸಭೆಯಲ್ಲಿ.

ಜೈಪಾಲ್ ಹುಟ್ಟಿದ್ದು 1903ರಲ್ಲಿ, ಈಗಿನ ಜಾರ್ಖಂಡ್‌ನ ಖುಂಟಿ ಹತ್ತಿರದ ಟಕ್ರಾ ಹಳ್ಳಿಯ ಮುಂಡಾ ಆದಿವಾಸಿ ಕುಟುಂಬದಲ್ಲಿ. ರಾಂಚಿಯ ಮಿಷನ್ ಶಾಲೆಯಿಂದ ಆಕ್ಸ್‌ಫರ್ಡ್‌ಗೆ ಹೋಗಿ ಅರ್ಥಶಾಸ್ತ್ರ ಓದಿದರು. ಐಸಿಎಸ್‌ಗೂ ಆಯ್ಕೆಯಾದರು. ಒಲಿಂಪಿಕ್ಸ್‌ಗೆ ರಜೆ ಸಿಗಲಿಲ್ಲ, ಆದರೂ ಹೋದರು. ಕೊನೆಗೆ ಐಸಿಎಸ್ ಕೂಡ ಬಿಟ್ಟರು.

1939ರಲ್ಲಿ ಅವರು ಆದಿವಾಸಿ ಮಹಾಸಭಾದ ಅಧ್ಯಕ್ಷರಾದರು. ಛೋಟಾನಾಗಪುರದ ನೆಲದಡಿ ಕಲ್ಲಿದ್ದಲು, ಕಬ್ಬಿಣ ಇತ್ತು. ಗಣಿ, ಕಾರ್ಖಾನೆ ಬರ್ತಾ ಇದ್ದವು, ಅಲ್ಲಿನ ಜನರ ಭೂಮಿ ಹೋಗ್ತಾ ಇತ್ತು. ಎಲ್ಲ ನಿರ್ಧಾರ ಆಗ್ತಾ ಇದ್ದದ್ದು ಬೇರೆಲ್ಲೋ.

1946ರಲ್ಲಿ ಸಂವಿಧಾನ ಸಭೆಗೆ ಬಂದಾಗ ಅವರ ವಾದ ಸರಳವಾಗಿತ್ತು: ಎಲ್ಲರೂ ಕೂತು ಮಾತಾಡಿ ತೀರ್ಮಾನ ಮಾಡೋದು ಆದಿವಾಸಿ ಹಳ್ಳಿಗಳಿಗೆ ಹೊಸದಲ್ಲ, ಅವರಿಗೆ ಪ್ರಜಾಪ್ರಭುತ್ವವನ್ನ ಯಾರೂ ಕಲಿಸಬೇಕಾಗಿಲ್ಲ. ಸಂವಿಧಾನದ ಐದನೇ ಅನುಸೂಚಿಯಲ್ಲಿ ಬುಡಕಟ್ಟು ಸಲಹಾ ಮಂಡಳಿಯ ವಿಷಯ ಬಂತು. 1949ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಕರಡು ಆ ಮಂಡಳಿಯ ಬಲ ತಗ್ಗಿಸಿದಾಗ ಜೈಪಾಲ್ ವಿರೋಧಿಸಿದರು. ಕೇಳೋದು ಅಂದ್ರೆ ನಾಮಕಾವಾಸ್ತೆ ಕೇಳೋದಾ, ಉತ್ತರಕ್ಕೆ ಬೆಲೆ ಕೊಡೋದಾ? ಜಗಳ ಇದ್ದದ್ದು ಇಲ್ಲೇ. ಕೊನೆಗೆ ಉಳಿದದ್ದು 20 ಜನ ಮೀರದ ಮಂಡಳಿ. ಈ ಪ್ರದೇಶಗಳಿಗೆ ನಿಯಮ ಮಾಡೋ ಮೊದಲು ರಾಜ್ಯಪಾಲರು ಅದರ ಜೊತೆ ಸಮಾಲೋಚಿಸಬೇಕು. ಆದರೆ ಅದರ ಮಾತಿಗೆ ಒಪ್ಪಲೇಬೇಕು ಅಂತೇನೂ ಇಲ್ಲ.

ಆಮೇಲೆ ಅವರು ಪ್ರತ್ಯೇಕ ಜಾರ್ಖಂಡ್‌ಗಾಗಿ ಪಕ್ಷ ಕಟ್ಟಿದರು. 1952ರಲ್ಲಿ ಬಿಹಾರ ವಿಧಾನಸಭೆಯಲ್ಲಿ 32 ಸೀಟು ಗೆದ್ದರು. 1963ರಲ್ಲಿ ಅದೇ ಪಕ್ಷವನ್ನ ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದ್ದು ಅವರನ್ನ ನಂಬಿದ್ದ ಎಷ್ಟೋ ಜನಕ್ಕೆ ನೋವು ತಂತು. 1970ರಲ್ಲಿ ತೀರಿಕೊಂಡರು. ಜಾರ್ಖಂಡ್ ರಾಜ್ಯ ಆಗಿದ್ದು 2000ದಲ್ಲಿ, ಅದನ್ನ ಅವರು ನೋಡಲಿಲ್ಲ.

ಅವರ ವಾದ ಮಾತ್ರ ಬದುಕಿತು. 1996ರ ಪೆಸಾ ಕಾಯ್ದೆ ಪ್ರಕಾರ ಅನುಸೂಚಿತ ಪ್ರದೇಶದಲ್ಲಿ ಭೂಮಿ ಸ್ವಾಧೀನಕ್ಕೆ ಮೊದಲು ಗ್ರಾಮಸಭೆ ಅಥವಾ ಪಂಚಾಯಿತಿಯನ್ನ ಕೇಳಲೇಬೇಕು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅದರ ಆಧಾರದ ಮೇಲೆ 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿ ವಿಷಯವನ್ನ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದಿಡಲು ಹೇಳಿತು. 12 ಗ್ರಾಮಸಭೆಗಳೂ ಬೇಡ ಅಂದವು. ಗಣಿ ಬರಲಿಲ್ಲ.

ನಾಳೆ ನಮ್ಮಲ್ಲೇ ಕೆಲವರು ಡ್ಯಾಮ್, ಹೈವೇ, ಗಣಿಗೆ ಪ್ಲ್ಯಾನ್ ಹಾಕ್ತೀವಿ. ಮಣ್ಣು, ಇಳಿಜಾರು, ನೀರಿನ ಹರಿವು ಎಲ್ಲವನ್ನೂ ಅಳೆಯೋದು ನಮಗೆ ಕಲಿಸ್ತಾರೆ. ಆ ನೆಲದ ಮೇಲೆ ಬದುಕ್ತಾ ಇರೋರನ್ನ ಕೇಳೋದು ಡ್ರಾಯಿಂಗ್ ಮುಗಿದ ಮೇಲೆ ಅಲ್ಲ, ಮೊದಲ ಗೆರೆ ಎಳೆಯೋ ಮುಂಚೆ.