ತಟ್ಟೆ ಹಿಡಿದ ಕೈಗಳು: ನಾವಿಕ ಡೋರಿಸ್ ಮಿಲ್ಲರ್

ಎರಡನೇ ಮಹಾಯುದ್ಧದ ಪಾಠದಲ್ಲಿ ಪರ್ಲ್ ಹಾರ್ಬರ್ ಎಂಬ ಹೆಸರು ಬಂದೇ ಬರುತ್ತದೆ. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಹವಾಯಿ ದ್ವೀಪಗಳಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲೆ ದಾಳಿ ಮಾಡಿದವು, ಅಮೆರಿಕ ಯುದ್ಧಕ್ಕೆ ಇಳಿಯಿತು ಎಂದು ಹೇಳಿ ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಮಕ್ಕಳು ಇಸವಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಆ ಬೆಳಿಗ್ಗೆ ಅದೇ ಬಂದರಿನ ಒಂದು ಯುದ್ಧನೌಕೆಯಲ್ಲಿ ಅಧಿಕಾರಿಗಳ ಕೊಳೆಬಟ್ಟೆಗಳನ್ನು ಒಟ್ಟುಮಾಡುತ್ತಿದ್ದ ಇಪ್ಪತ್ತೆರಡು ವರ್ಷದ ಯುವಕನ ವಿಷಯ ಪಾಠದಲ್ಲಿ ಬರುವುದಿಲ್ಲ. ಅವರೇ ಡೋರಿಸ್ ಮಿಲ್ಲರ್. ಕಲಿಯುತ್ತಿರುವ ನಿಮಗೂ ಕಲಿಸುತ್ತಿರುವ ನಮಗೂ ಅವರ ಜೀವನದಿಂದ ತಿಳಿಯಬೇಕಾದುದು ಬಹಳವಿದೆ.

ಡೋರಿಸ್ ಮಿಲ್ಲರ್ 1919ರ ಅಕ್ಟೋಬರ್ 12ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೊ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಕಾನರಿ ಮಿಲ್ಲರ್, ತಾಯಿ ಹೆನ್ರಿಯೆಟ್ಟಾ. ನಾಲ್ವರು ಗಂಡುಮಕ್ಕಳಲ್ಲಿ ಇವರು ಮೂರನೆಯವರು. ಡೋರಿಸ್ ಎಂಬುದು ಅಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ಇಡುವ ಹೆಸರು. ಈ ಸಲ ಹೆಣ್ಣುಮಗುವೇ ಎಂದು ಸೂಲಗಿತ್ತಿ ನಂಬಿದ್ದಳು, ಮಗು ಗಂಡಾದರೂ ಹೆಸರು ಹಾಗೆಯೇ ಉಳಿಯಿತು ಎಂದು ಹೇಳುತ್ತಾರೆ. ಮನೆಯವರದು ಬೇಸಾಯದ ಬದುಕು. ಬಾಲಕ ಡೋರಿಸ್ ತಂದೆಯ ಜೊತೆ ಹೊಲದಲ್ಲಿ ದುಡಿದ, ತಾಯಿಯ ಜೊತೆ ಅಡುಗೆಮನೆಯಲ್ಲಿ ಕೈಜೋಡಿಸಿದ.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿಯೇ ಕಾನೂನಿನಂತೆ ಕೊನೆಗೊಂಡಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನಾಂಗದವರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಡೋರಿಸ್ ಓದಿದ್ದು ಕಪ್ಪು ಮಕ್ಕಳಿಗೆಂದೇ ಇದ್ದ ಎ. ಜೆ. ಮೂರ್ ಪ್ರೌಢಶಾಲೆಯಲ್ಲಿ. ಎತ್ತರವಾದ, ಗಟ್ಟಿಮುಟ್ಟಾದ ಹುಡುಗ. ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ. ಓದು ಮಾತ್ರ ಪೂರ್ತಿಯಾಗಲಿಲ್ಲ. ಅದು ಇಡೀ ದೇಶವೇ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1930ರ ದಶಕ. ಶಾಲೆ ಬಿಟ್ಟ ಬಡ ಹುಡುಗನಿಗೆ ಕೆಲಸ ಎಲ್ಲಿ ಸಿಗಬೇಕು? ಇಪ್ಪತ್ತು ವರ್ಷ ತುಂಬಲು ಒಂದು ತಿಂಗಳಷ್ಟೇ ಇದ್ದಾಗ, 1939ರ ಸೆಪ್ಟೆಂಬರ್ 16ರಂದು, ಡೋರಿಸ್ ಮಿಲ್ಲರ್ ಅಮೆರಿಕದ ನೌಕಾಪಡೆಗೆ ಸೇರಿದರು.

ಹೊಸದಾಗಿ ಸೇರಿದವರನ್ನು ನೌಕಾಪಡೆ ಮೊದಲು ತರಬೇತಿ ಕೇಂದ್ರಕ್ಕೆ ಕಳುಹಿಸುತ್ತದೆ. ಅದು ಒಂದು ದೊಡ್ಡ ವಸತಿ ಶಾಲೆಯ ಹಾಗೆ. ಬೆಳಗಿನ ಜಾವ ಏಳಬೇಕು, ಕವಾಯತು ಮಾಡಬೇಕು. ಹಗ್ಗದ ಗಂಟುಗಳು, ಈಜು, ದೋಣಿ ನಡೆಸುವುದು, ಬಾವುಟ ಮತ್ತು ದೀಪಗಳ ಸಂಕೇತ, ಬಂದೂಕಿನ ಅಭ್ಯಾಸ, ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಅಲ್ಲಿಂದ ಮುಂದೆ ಅವರವರ ಶಕ್ತಿಗೆ ತಕ್ಕಂತೆ ಒಬ್ಬ ರೇಡಿಯೊ ಕಲಿಯುತ್ತಾನೆ, ಇನ್ನೊಬ್ಬ ಎಂಜಿನ್ ಕೆಲಸ ಕಲಿಯುತ್ತಾನೆ, ಮತ್ತೊಬ್ಬ ಫಿರಂಗಿ ವಿದ್ಯೆ ಕಲಿಯುತ್ತಾನೆ. ಮಿಲ್ಲರ್ ಅವರನ್ನು ವರ್ಜೀನಿಯಾ ರಾಜ್ಯದ ನಾರ್ಫೋಕ್ ತರಬೇತಿ ಕೇಂದ್ರಕ್ಕೆ ಕಳುಹಿಸಿದರು. ಆದರೆ ಅವರಿಗೆ ಈ ಹಾದಿಗಳೆಲ್ಲ ಮೊದಲೇ ಮುಚ್ಚಿದ್ದವು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ ಕಪ್ಪು ಜನಾಂಗದವರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತ್ತು. 1930ರ ದಶಕದ ಆರಂಭದಲ್ಲಿ ಮತ್ತೆ ಬಾಗಿಲು ತೆರೆದಾಗ ಒಂದೇ ಒಂದು ವಿಭಾಗಕ್ಕೆ ಅವಕಾಶ ಕೊಟ್ಟಿತು. ಅದು ಅಧಿಕಾರಿಗಳ ಊಟೋಪಚಾರದ ವಿಭಾಗ. ಉರ್ದುವಿನಲ್ಲಿ ನಾವು ಖಾನಸಾಮ ಎನ್ನುತ್ತೇವಲ್ಲ, ಆ ಕೆಲಸ. ಮೇಜು ಅಣಿ ಮಾಡುವುದು, ತಟ್ಟೆ ಇಡುವುದು, ಹಾಸಿಗೆ ಸರಿಪಡಿಸುವುದು, ಬೂಟಿಗೆ ಪಾಲಿಶ್ ಹಾಕುವುದು, ಬಟ್ಟೆ ಒಗೆಯಲು ಒಯ್ಯುವುದು. ನಾರ್ಫೋಕಿನಲ್ಲಿ ಮಿಲ್ಲರ್ ಅವರಿಗೆ ಸಿಕ್ಕಿದ್ದು ಇದರ ತರಬೇತಿ. ಈ ಕೆಲಸಗಳು ಕೀಳು ಎಂದು ನಾನು ಹೇಳುತ್ತಿಲ್ಲ. ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ಆದರೆ ಒಬ್ಬನ ಬುದ್ಧಿಯನ್ನೂ ಕೈಚಳಕವನ್ನೂ ನೋಡದೆ, ಚರ್ಮದ ಬಣ್ಣ ನೋಡಿ ಇಷ್ಟೇ ನಿನ್ನ ಪಾಠ ಎಂದು ನಿರ್ಧರಿಸುವುದು ಅನ್ಯಾಯವಲ್ಲದೆ ಮತ್ತೇನು?

1940ರ ಜನವರಿಯಲ್ಲಿ ಮಿಲ್ಲರ್ ವೆಸ್ಟ್ ವರ್ಜೀನಿಯಾ ಎಂಬ ದೊಡ್ಡ ಯುದ್ಧನೌಕೆಗೆ ಬಂದರು. ಅಲ್ಲಿ ಕುಸ್ತಿಯಂತಹ ಇನ್ನೊಂದು ಆಟದಲ್ಲಿ, ಎಂದರೆ ಬಾಕ್ಸಿಂಗಿನಲ್ಲಿ, ಹಡಗಿಗೇ ಹೆವಿವೇಟ್ ಚಾಂಪಿಯನ್ ಎನಿಸಿಕೊಂಡರು. ಅದೇ ವರ್ಷ ಫಿರಂಗಿ ಶಾಲೆ ನಡೆಯುತ್ತಿದ್ದ ನೆವಾಡಾ ಎಂಬ ನೌಕೆಯಲ್ಲಿಯೂ ಸ್ವಲ್ಪ ಕಾಲ ಇದ್ದು ಬಂದರು. ಯುದ್ಧದ ಸಮಯದಲ್ಲಿ ಅಡುಗೆಮನೆಯವರೂ ಒಂದೊಂದು ಜಾಗದಲ್ಲಿ ನಿಂತು ಮದ್ದುಗುಂಡು ಸಾಗಿಸಬೇಕಿತ್ತು. ಆದರೆ ವಿಮಾನಗಳಿಗೆ ಗುರಿಯಿಡುವ ಮೆಷಿನ್ ಗನ್ನಿನ ಹಿಂದೆ ನಿಲ್ಲುವ ಶಿಕ್ಷಣವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಡಿಸೆಂಬರ್ 7 ಭಾನುವಾರ. ಮಿಲ್ಲರ್ ಆರು ಗಂಟೆಗೆ ಎದ್ದು, ಬೆಳಗಿನ ಉಪಾಹಾರ ಬಡಿಸಿ, ಬಟ್ಟೆ ಒಟ್ಟುಮಾಡುತ್ತಿದ್ದಾಗ, ಎಂಟು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಮೊದಲ ಟಾರ್ಪಿಡೊ ಹಡಗಿಗೆ ಬಡಿಯಿತು. ಅಪಾಯದ ಗಂಟೆ ಕೇಳಿ ಅವರು ತಮಗೆ ಗೊತ್ತುಪಡಿಸಿದ್ದ ಜಾಗಕ್ಕೆ ಓಡಿದರು. ಆ ಜಾಗ ಆಗಲೇ ಹಾಳಾಗಿತ್ತು. ಮೇಲೆ ಬಂದು ನೋಡಿದರೆ ಎಲ್ಲೆಲ್ಲೂ ಹೊಗೆ, ಬೆಂಕಿ, ಗಾಯಗೊಂಡವರ ಕೂಗು. ಬಾಕ್ಸಿಂಗ್ ಆಡಿದ ಆ ಬಲವಾದ ತೋಳುಗಳಲ್ಲಿ ಗಾಯಾಳುಗಳನ್ನು ಎತ್ತಿ ಸುರಕ್ಷಿತ ಜಾಗಕ್ಕೆ ಸಾಗಿಸತೊಡಗಿದರು. ಅಷ್ಟರಲ್ಲಿ ಹಡಗಿನ ಕ್ಯಾಪ್ಟನ್ ಮರ್ವಿನ್ ಬೆನಿಯನ್ ತೀವ್ರವಾಗಿ ಗಾಯಗೊಂಡಿದ್ದಾರೆಂದು ಅಧಿಕಾರಿಯೊಬ್ಬರು ಮಿಲ್ಲರ್ ಅವರನ್ನು ಕರೆದೊಯ್ದರು. ಇಬ್ಬರೂ ಸೇರಿ ಕ್ಯಾಪ್ಟನ್ ಅವರನ್ನು ಸ್ವಲ್ಪ ಮರೆಯ ಜಾಗಕ್ಕೆ ಸರಿಸಿದರು. ಕ್ಯಾಪ್ಟನ್ ತಮ್ಮ ಸ್ಥಾನ ಬಿಟ್ಟು ಹೋಗಲು ಒಪ್ಪದೆ, ಕೊನೆಯವರೆಗೂ ಆದೇಶ ನೀಡುತ್ತಲೇ ಅಲ್ಲಿ ಪ್ರಾಣಬಿಟ್ಟರು.

ಪಕ್ಕದಲ್ಲಿ ಎರಡು ಮೆಷಿನ್ ಗನ್‌ಗಳು ನಡೆಸುವವರಿಲ್ಲದೆ ನಿಂತಿದ್ದವು. ಗುಂಡುಗಳ ಪಟ್ಟಿ ತುಂಬಿಕೊಡಲು ಅಧಿಕಾರಿ ಮಿಲ್ಲರ್ ಅವರಿಗೆ ಹೇಳಿದರು. ಅವರು ಅತ್ತ ತಿರುಗಿ ನೋಡುವಷ್ಟರಲ್ಲಿ ಮಿಲ್ಲರ್ ಒಂದು ಗನ್ನಿನ ಹಿಂದೆ ನಿಂತು ವಿಮಾನಗಳ ಕಡೆಗೆ ಗುಂಡು ಹಾರಿಸುತ್ತಿದ್ದರು! ಬೇರೆಯವರು ಮಾಡುವುದನ್ನು ದೂರದಿಂದ ನೋಡಿ ಕಲಿತಿದ್ದಷ್ಟೇ. ಸುಮಾರು ಹದಿನೈದು ನಿಮಿಷ, ಗುಂಡು ಮುಗಿಯುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಅವರು ನಾಲ್ಕು ವಿಮಾನ ಕೆಡವಿದರು, ಆರು ಕೆಡವಿದರು ಎಂದೆಲ್ಲ ಆಮೇಲೆ ಬರೆದವರಿದ್ದಾರೆ; ಅದಕ್ಕೆ ಆಧಾರವಿಲ್ಲ. ಉತ್ಪ್ರೇಕ್ಷೆಯಿಲ್ಲದೆಯೂ ಅವರು ದೊಡ್ಡವರೇ. ಹಡಗು ಮುಳುಗತೊಡಗಿದಾಗ, ಎಣ್ಣೆ ತುಂಬಿದ ನೀರಿನಿಂದ ಸಹ ನಾವಿಕರನ್ನು ಎಳೆದು ಬದುಕಿಸಿದವರಲ್ಲಿಯೂ ಅವರು ಒಬ್ಬರು. ಆ ಒಂದು ಹಡಗಿನಲ್ಲಿಯೇ ನೂರಕ್ಕೂ ಹೆಚ್ಚು ಮಂದಿ ಸತ್ತರು.

ಇಷ್ಟಾದ ಮೇಲೂ ಹೊರಬಂದ ಸುದ್ದಿಯಲ್ಲಿ ಅವರ ಹೆಸರಿರಲಿಲ್ಲ. ಕಪ್ಪು ಜನಾಂಗದ ಒಬ್ಬ ಅಡುಗೆ ಸಹಾಯಕ ಎಂದಷ್ಟೇ ಹೇಳಲಾಗಿತ್ತು. ಆ ಹೆಸರಿಲ್ಲದ ವೀರ ಯಾರು ಎಂದು ಕಪ್ಪು ಜನರ ಪತ್ರಿಕೆಗಳು ಮತ್ತು ಸಂಘಟನೆಗಳು ಪಟ್ಟುಹಿಡಿದು ಕೇಳಿದವು. ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಪತ್ರಿಕೆ ಇದರಲ್ಲಿ ಮುಂದಿತ್ತು. 1942ರ ಮಾರ್ಚ್ ತಿಂಗಳಲ್ಲಿ ಹೆಸರು ಬೆಳಕಿಗೆ ಬಂತು. ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್ ಕೊಡಬೇಕೆಂದು ಸಂಸತ್ತಿನಲ್ಲಿ ಮಸೂದೆ ಮಂಡನೆಯಾದರೂ ಅದು ಕೈಗೂಡಲಿಲ್ಲ. ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಒಪ್ಪಿಗೆಯಂತೆ 1942ರ ಮೇ 27ರಂದು ಪರ್ಲ್ ಹಾರ್ಬರಿನಲ್ಲಿಯೇ, ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯ ಮೇಲೆ, ಅಡ್ಮಿರಲ್ ನಿಮಿಟ್ಜ್ ಅವರ ಎದೆಗೆ ನೇವಿ ಕ್ರಾಸ್ ಪದಕ ತೊಡಿಸಿದರು. ಆ ಪದಕ ಪಡೆದ ಕಪ್ಪು ಜನಾಂಗದ ಮೊದಲಿಗರು ಅವರೇ. ಆದರೆ ಪದಕ ಧರಿಸಿ ಅವರು ಮರಳಿದ್ದು ಮತ್ತೆ ಅದೇ ಊಟದ ಮೇಜಿಗೆ.

ಇದೇ ಸಮಯದಲ್ಲಿ ನೌಕಾಪಡೆಯ ಮೇಲೆ ಒತ್ತಡ ಹೆಚ್ಚಾಗಿ, 1942ರ ಜೂನ್ 1ರಿಂದ ಕಪ್ಪು ಯುವಕರನ್ನು ಸಾಮಾನ್ಯ ನಾವಿಕ ಸೇವೆಗೂ ಸೇರಿಸಿಕೊಳ್ಳುವ ಆದೇಶ ಜಾರಿಗೆ ಬಂತು. ಅವರ ತರಬೇತಿಗಾಗಿ ಷಿಕಾಗೊ ನಗರದ ಉತ್ತರಕ್ಕೆ ಮಿಷಿಗನ್ ಸರೋವರದ ದಡದಲ್ಲಿರುವ ಗ್ರೇಟ್ ಲೇಕ್ಸ್ ಕೇಂದ್ರದಲ್ಲಿ ಒಂದು ಶಿಬಿರ ತೆರೆದರು. ಯುದ್ಧಕಾಲದಲ್ಲಿ ಸುಮಾರು ಹತ್ತು ಲಕ್ಷ ನಾವಿಕರನ್ನು ತಯಾರು ಮಾಡಿದ ಕೇಂದ್ರ ಅದು. ಶಿಬಿರಕ್ಕೆ ರಾಬರ್ಟ್ ಸ್ಮಾಲ್ಸ್ ಅವರ ಹೆಸರಿಟ್ಟರು. ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ತಾವು ಗುಲಾಮರಾಗಿ ದುಡಿಯುತ್ತಿದ್ದ ಹಡಗನ್ನೇ ರಾತ್ರೋರಾತ್ರಿ ನಡೆಸಿಕೊಂಡು ಹೋಗಿ ತಮ್ಮ ಕುಟುಂಬವನ್ನೂ ಸಂಗಾತಿಗಳನ್ನೂ ಬಿಡುಗಡೆಗೊಳಿಸಿದವರು ಅವರು. ಶಿಬಿರದಲ್ಲಿ ಬಿಳಿಯರಿಂದ ಬೇರೆಯಾಗಿಯೇ ಇರಬೇಕಿತ್ತು, ಆ ಅನ್ಯಾಯ ಹೋಗಿರಲಿಲ್ಲ. ಆದರೂ ಕಲಿಕೆಯ ಬಾಗಿಲು ಸ್ವಲ್ಪ ತೆರೆಯಿತು. ಓದು ಬರಹ ಬಾರದೆ ಬಂದವರಿಗೆ, ಕಾಲೇಜು ಓದಿದ ಕಪ್ಪು ಶಿಕ್ಷಕರು ಅಲ್ಲಿ ಅಕ್ಷರ ಕಲಿಸಿದರು.

1942ರ ಕೊನೆಗೆ ಯುದ್ಧನಿಧಿಯ ಬಾಂಡ್ ಮಾರಾಟಕ್ಕಾಗಿ ನೌಕಾಪಡೆ ಮಿಲ್ಲರ್ ಅವರನ್ನು ಊರೂರು ಸುತ್ತಿಸಿತು. ಸ್ವಂತ ಊರಾದ ವೇಕೊಗೂ ಹೋದರು. ಆ ಪ್ರವಾಸದಲ್ಲಿಯೇ ಗ್ರೇಟ್ ಲೇಕ್ಸ್ ಕೇಂದ್ರಕ್ಕೆ ಹೋಗಿ, ತರಬೇತಿ ಮುಗಿಸಿದ ಕಪ್ಪು ನಾವಿಕರ ಮೊದಲ ತಂಡದ ಮುಂದೆ ಮಾತನಾಡಿದರು. ಆ ದೃಶ್ಯವನ್ನು ಯೋಚಿಸಿ ನೋಡಿ. ಎದುರಿಗೆ ಕುಳಿತವರು ಫಿರಂಗಿ, ಸಂಕೇತ, ಯಂತ್ರಗಳ ವಿದ್ಯೆಯ ಹಾದಿಯಲ್ಲಿ ಕಾಲಿಟ್ಟವರು. ವೇದಿಕೆಯ ಮೇಲೆ ನಿಂತವರಿಗೆ ಆ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ತಮಗೆ ಸಿಗದ ಪಾಠಶಾಲೆಯನ್ನು ಬೇರೆಯವರಿಗೆ ದೊರಕಿಸುವುದರಲ್ಲಿ ಅವರ ಹದಿನೈದು ನಿಮಿಷಗಳ ಪಾಲೂ ಇತ್ತು.

1943ರ ಜೂನ್ ತಿಂಗಳಲ್ಲಿ ಅವರಿಗೆ ಹಡಗಿನ ಅಡುಗೆಯವರಾಗಿ ಬಡ್ತಿ ಸಿಕ್ಕಿತು. ಲಿಸ್ಕಮ್ ಬೇ ಎಂಬ ಸಣ್ಣ ವಿಮಾನವಾಹಕ ನೌಕೆಯಲ್ಲಿ ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳ ಯುದ್ಧಕ್ಕೆ ಹೊರಟರು. 1943ರ ನವೆಂಬರ್ 24ರ ನಸುಕಿನಲ್ಲಿ ಜಪಾನಿನ ಜಲಾಂತರ್ಗಾಮಿಯೊಂದರ ಟಾರ್ಪಿಡೊ ಆ ನೌಕೆಗೆ ಬಡಿದು, ಒಳಗಿದ್ದ ಬಾಂಬುಗಳ ಉಗ್ರಾಣವೇ ಸಿಡಿಯಿತು. ಅರ್ಧ ಗಂಟೆಯೊಳಗೆ ನೌಕೆ ಮುಳುಗಿತು. ಒಂಬತ್ತು ನೂರಕ್ಕೂ ಹೆಚ್ಚು ಜನರಲ್ಲಿ ಬದುಕಿದವರು 272 ಮಂದಿ. ಮಿಲ್ಲರ್ ಅವರಲ್ಲಿರಲಿಲ್ಲ. ಅವರ ದೇಹವೂ ಸಿಗಲಿಲ್ಲ. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಮಗ ಕಾಣೆಯಾಗಿದ್ದಾನೆಂಬ ಸುದ್ದಿ ತಂದೆತಾಯಿಗೆ ತಲುಪಿದ್ದು ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ದಾಳಿಗೆ ಸರಿಯಾಗಿ ಎರಡು ವರ್ಷ ತುಂಬಿದ ದಿನ.

ಅವರು ಹೋದ ಮೇಲೆ ಬಾಗಿಲು ಇನ್ನಷ್ಟು ತೆರೆಯಿತು. 1944ರ ಜನವರಿಯಲ್ಲಿ ಗ್ರೇಟ್ ಲೇಕ್ಸ್‌ನಲ್ಲಿ ಹದಿನಾರು ಕಪ್ಪು ನಾವಿಕರಿಗೆ ಅಧಿಕಾರಿ ಹುದ್ದೆಯ ಶಿಕ್ಷಣ ಆರಂಭವಾಯಿತು. ಹದಿನಾರು ವಾರಗಳ ಪಾಠವನ್ನು ಎಂಟೇ ವಾರಗಳಲ್ಲಿ ಮುಗಿಸಬೇಕಿತ್ತು. ದೀಪ ಆರಿಸುವ ಹೊತ್ತಿನ ನಂತರ ಕಿಟಕಿಗಳಿಗೆ ಕಂಬಳಿ ಮುಚ್ಚಿ ಅವರು ಓದುತ್ತಿದ್ದರಂತೆ. ಬಂದ ಅಂಕಗಳನ್ನು ಮೇಲಿನವರು ನಂಬದೆ ಮತ್ತೆ ಪರೀಕ್ಷೆ ಮಾಡಿಸಿದರು; ಆಗಲೂ ಅಂಕಗಳು ಇಳಿಯಲಿಲ್ಲ. ಅವರಲ್ಲಿ ಹದಿಮೂರು ಮಂದಿಗೆ ಅಧಿಕಾರಿಯ ಸ್ಥಾನ ಸಿಕ್ಕಿತು. 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಬಣ್ಣಭೇದವಿಲ್ಲದೆ ಸಮಾನ ಅವಕಾಶ ನೀಡುವ ಆದೇಶ ಹೊರಡಿಸಿದರು. 1973ರಲ್ಲಿ ಮಿಲ್ಲರ್ ಅವರ ಹೆಸರಿನ ಯುದ್ಧನೌಕೆ ಸೇವೆಗೆ ಬಂತು. 2020ರಲ್ಲಿ ಅಣುಶಕ್ತಿಯಿಂದ ನಡೆಯುವ ಬೃಹತ್ ವಿಮಾನವಾಹಕ ನೌಕೆಯೊಂದಕ್ಕೆ ಅವರ ಹೆಸರಿಡುವುದಾಗಿ ಘೋಷಿಸಲಾಯಿತು. ಸಾಮಾನ್ಯವಾಗಿ ಅಧ್ಯಕ್ಷರು, ಸೇನಾನಾಯಕರ ಹೆಸರು ಪಡೆಯುವ ಅಂತಹ ನೌಕೆಗೆ ಊಟ ಬಡಿಸುತ್ತಿದ್ದ ಸಾಮಾನ್ಯ ನಾವಿಕನ ಹೆಸರು ಸಿಕ್ಕಿತು.

ಈ ಜೀವನಚರಿತ್ರೆ ಓದಿದಾಗ ಶಿಕ್ಷಕನಾದ ನನಗೆ ಒಂದು ವಿಷಯ ಚುಚ್ಚಿತು. ಪ್ರತಿಯೊಂದು ತರಗತಿಯಲ್ಲಿಯೂ ಚಾಕ್‌ಪೀಸ್ ತರಲು, ಬೆಂಚು ಹೊರಲು, ಸಮಾರಂಭದಲ್ಲಿ ಚಹಾ ಹಂಚಲು ನಾವು ಕಳುಹಿಸುವ ಒಬ್ಬ ಹುಡುಗ ಇರುತ್ತಾನೆ. ಕರೆದಾಗಲೆಲ್ಲ ನಗುತ್ತಾ ಎದ್ದು ಬರುತ್ತಾನೆ. ಅವನು ಹೊರಗೆ ಹೋದಾಗ ಪಾಠ ಮುಂದುವರಿಯುತ್ತದೆ. ಅವನಿಗೆ ಇಷ್ಟೇ ಸಾಕು ಎಂದು ನಾನೂ ಅಂದುಕೊಂಡವನೇ. ಮಿಲ್ಲರ್ ಅವರ ಕಥೆ ಓದಿದ ಮೇಲೆ ಆ ಕೆಲಸಗಳಿಗೆ ಸರದಿ ಹಾಕಿದ್ದೇನೆ. ಆ ಹುಡುಗನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದ್ದೇನೆ. ಅವನು ನಿಧಾನವಾಗಿ ಓದುತ್ತಾನೆ, ಆದರೆ ಓದುತ್ತಾನೆ.

ವಿದ್ಯಾರ್ಥಿಗಳೇ, ಧೈರ್ಯ ಮನುಷ್ಯನ ಒಳಗಿನಿಂದ ಬರುತ್ತದೆ. ಅದನ್ನು ಯಾವ ತರಬೇತಿ ಕೇಂದ್ರವೂ ಮಿಲ್ಲರ್ ಅವರಿಗೆ ಕೊಡಲಿಲ್ಲ. ಆದರೆ ವಿದ್ಯೆಯನ್ನು ಇನ್ನೊಬ್ಬರು ಕೊಡಬೇಕು. ನಿಮಗೆ ತೆರೆದಿರುವ ತರಗತಿಯ ಬಾಗಿಲನ್ನು ಹಗುರವಾಗಿ ಕಾಣಬೇಡಿ. ಪೋಷಕರೇ, ನಿಮ್ಮ ಮಗುವನ್ನು, ಅದು ಗಂಡಾಗಲಿ ಹೆಣ್ಣಾಗಲಿ, ಅರ್ಧದಲ್ಲಿ ಶಾಲೆ ಬಿಡಿಸಬೇಡಿ. ತಟ್ಟೆ ಹಿಡಿದ ಕೈಗಳಿಗೆ ಇನ್ನೇನು ಮಾಡಲು ಬರುತ್ತದೆ ಎಂಬುದು, ಕಲಿಸಿ ನೋಡಿದಾಗಲೇ ತಿಳಿಯುತ್ತದೆ.