ಟ್ಯೂರಿಂಗ್ ಮತ್ತು ನಾಲ್ಕನೇ ಚಕ್ರ

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಅಲನ್ ಟ್ಯೂರಿಂಗ್ ಅಂದ್ರೆ ಟ್ಯೂರಿಂಗ್ ಮಷೀನ್, ಅಂದ್ರೆ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿನ ಪ್ರಶ್ನೆ. ಆದ್ರೆ ಆಫೀಸ್ ಕಂಪ್ಯೂಟರ್‌ನಲ್ಲಿ ಅಪ್‌ಡೇಟ್ ಕೇಳಿದಾಗಲೆಲ್ಲ ನಂತರ ನೋಡೋಣ ಅಂತ ಒತ್ತುವವರೂ ಇವರ ಜೀವನವನ್ನು ಒಮ್ಮೆ ಓದಬೇಕು ಅನ್ನೋದು ನಮ್ಮ ಆಸೆ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಅಪ್ಪ ಜೂಲಿಯಸ್ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರು ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ತುಂಗಭದ್ರಾ ನದಿಯ ರೈಲ್ವೆ ಸೇತುವೆ ಅವರ ಕೆಲಸ. ನಮ್ಮ ನದಿಗೆ ಸೇತುವೆ ಕಟ್ಟಿದವರ ಮೊಮ್ಮಗ! ಅಪ್ಪ ಅಮ್ಮ ಇಂಡಿಯಾದಲ್ಲಿ, ಮಕ್ಕಳು ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. ಹದಿಮೂರನೇ ವಯಸ್ಸಿಗೆ ಹೊಸ ಶಾಲೆಗೆ ಹೊರಟ ದಿನ ದೇಶದಲ್ಲೆಲ್ಲ ಮುಷ್ಕರ, ರೈಲಿಲ್ಲ. ಹುಡುಗ ಸುಮಾರು ನೂರು ಕಿಲೋಮೀಟರ್ ಸೈಕಲ್ ತುಳಿದು ಶಾಲೆ ಸೇರಿದ. ಕೇಂಬ್ರಿಡ್ಜ್, 1936ರ ಪ್ರಸಿದ್ಧ ಪೇಪರ್, ಪ್ರಿನ್ಸ್‌ಟನ್‌ನ ಪಿಎಚ್‌ಡಿ, ಇವೆಲ್ಲ ಟೆಕ್ಸ್ಟ್‌ಬುಕ್‌ನಲ್ಲೇ ಇವೆ, ಬಿಡಿ.

1939ರ ಸೆಪ್ಟೆಂಬರ್ 4ರಂದು, ಯುದ್ಧ ಶುರುವಾದ ಮರುದಿನ, ಅವರು ಬ್ಲೆಚ್ಲಿ ಪಾರ್ಕ್‌ಗೆ ಕೆಲಸಕ್ಕೆ ಬಂದರು. ಎದುರಿಗಿದ್ದದ್ದು ಜರ್ಮನರ ಎನಿಗ್ಮಾ. ನೋಡೋಕೆ ಟೈಪ್‌ರೈಟರ್ ತರಹ, ಒಳಗೆ ಮೂರು ಚಕ್ರ. ಒಂದು ಕೀ ಒತ್ತಿದರೆ ಚಕ್ರ ತಿರುಗಿ ಬೇರೆ ಅಕ್ಷರದ ದೀಪ ಹತ್ತುತ್ತೆ. ಸೆಟ್ಟಿಂಗ್ ದಿನಾ ಬದಲು.

ಇದನ್ನು ಮೊದಲು ಬಿಡಿಸಿದವರು ಟ್ಯೂರಿಂಗ್ ಅಲ್ಲ, ಪೋಲೆಂಡಿನ ಗಣಿತಜ್ಞರು. 1932ರ ಕೊನೆಯಲ್ಲೇ ಮರಿಯನ್ ರೆಯೆವ್‌ಸ್ಕಿ ಇದರ ಗುಟ್ಟು ಹಿಡಿದಿದ್ದರು. 1938ರ ಡಿಸೆಂಬರ್‌ನಲ್ಲಿ ಜರ್ಮನರು ಇನ್ನೆರಡು ಚಕ್ರ ಕೊಟ್ಟರು: ಐದರಲ್ಲಿ ಯಾವುದಾದರೂ ಮೂರು. ಚಕ್ರ ಜೋಡಿಸುವ ರೀತಿ 6 ಇದ್ದದ್ದು 60 ಆಯ್ತು. ಪೋಲಿಷರ ಕೈಲಿದ್ದ ಯಂತ್ರ ಸಾಲದಾಯ್ತು. 1939ರ ಜುಲೈನಲ್ಲಿ ಅವರು ತಮಗೆ ಗೊತ್ತಿದ್ದದ್ದನ್ನೆಲ್ಲ ಬ್ರಿಟಿಷರಿಗೆ, ಫ್ರೆಂಚರಿಗೆ ಒಪ್ಪಿಸಿದರು.

ಇಲ್ಲಿ ಟ್ಯೂರಿಂಗ್ ಬುದ್ಧಿ ನೋಡಿ. ಪೋಲಿಷರ ವಿಧಾನ ನಿಂತಿದ್ದು ಜರ್ಮನ್ ಆಪರೇಟರ್‌ಗಳ ಒಂದು ರೂಢಿಯ ಮೇಲೆ: ಸಂದೇಶದ ಕೀಯನ್ನು ಎರಡೆರಡು ಸಲ ಕಳಿಸುವುದು. ಆ ರೂಢಿ ಯಾವತ್ತು ಬೇಕಾದರೂ ನಿಲ್ಲಬಹುದು ಅಂತ ಟ್ಯೂರಿಂಗ್ ಬೇರೆ ದಾರಿ ಹಿಡಿದರು. ಸಂದೇಶದಲ್ಲಿ ಇರಲೇಬೇಕಾದ ಪದ, ಉದಾಹರಣೆಗೆ ಹವಾಮಾನ ವರದಿಯ ಪದ, ಊಹಿಸಿ ಅದನ್ನು ಸಂದೇಶದ ಕೆಳಗೆ ಜರುಗಿಸುತ್ತಾ ಹೋಗಬೇಕು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಗೆ ಬರಲ್ಲ. ಹಂಗಾಗಿ ಒಂದೇ ಅಕ್ಷರ ಎದುರುಬದುರಾದ ಜಾಗ ತಪ್ಪು. ಉಳಿದ ಜಾಗ ಇಟ್ಟುಕೊಂಡು ಚಕ್ರದ ಸ್ಥಾನ ಹುಡುಕೋಕೆ ಬಾಂಬ್ ಅನ್ನೋ ಯಂತ್ರ. ಮೊದಲನೆಯದು ಬಂದದ್ದು 1940ರ ಮಾರ್ಚ್‌ನಲ್ಲಿ, ಮುಂದೆ ಗಾರ್ಡನ್ ವೆಲ್ಚ್‌ಮನ್ ಅದನ್ನು ಚುರುಕು ಮಾಡಿದರು. ಮೇ 1ಕ್ಕೆ ಜರ್ಮನರು ಎರಡು ಸಲ ಕಳಿಸೋದನ್ನು ನಿಲ್ಲಿಸಿಯೇಬಿಟ್ಟರು. ಮೇಲಿನ ತೂತು ಮುಚ್ಚಿದರು, ಯಂತ್ರದೊಳಗಿನ ದೋಷ ಹಾಗೇ ಉಳೀತು.

ಆದ್ರೆ ನಿಜವಾದ ಅಪ್‌ಡೇಟ್ ಏನು ಮಾಡುತ್ತೆ ಅನ್ನೋದಕ್ಕೂ ಇದೇ ಕಥೆಯಲ್ಲಿ ಉತ್ತರವಿದೆ. 1942ರ ಫೆಬ್ರವರಿ 1ರಂದು ಅಟ್ಲಾಂಟಿಕ್‌ನ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಚಕ್ರದ ಎನಿಗ್ಮಾಕ್ಕೆ ಹೋದವು. ಟ್ಯೂರಿಂಗ್ ಕಟ್ಟಿದ ತಂಡ ಸುಮಾರು ಹತ್ತು ತಿಂಗಳು ಕುರುಡಾಯ್ತು. ನೂರಾರು ಹಡಗು ಮುಳುಗಿದವು, ಜನ ಸತ್ತರು. ಅದೇ ನವೆಂಬರ್‌ನಲ್ಲಿ ಟ್ಯೂರಿಂಗ್ ಅದೇ ಸಮುದ್ರ ದಾಟಿ ಅಮೆರಿಕಕ್ಕೆ ಹೋದರು. ಯಾವ ಧೈರ್ಯವೋ!

ದಾರಿ ಮತ್ತೆ ತೆರೆದದ್ದು ಅಕ್ಟೋಬರ್ 30ರಂದು ಯು-559 ಅನ್ನೋ ಜಲಾಂತರ್ಗಾಮಿಯಿಂದ ಸಿಕ್ಕ ಪುಸ್ತಕಗಳಿಂದ. ಅವನ್ನು ತರೋಕೆ ಒಳಗಿಳಿದ ಫ್ಯಾಸನ್, ಗ್ರೇಜಿಯರ್ ಇಬ್ಬರೂ ಮುಳುಗಿ ಸತ್ತರು. ಆ ಪುಸ್ತಕದಿಂದ ತಿಳಿದದ್ದು: ಚಿಕ್ಕ ಹವಾಮಾನ ಸಂದೇಶಕ್ಕೆ ನಾಲ್ಕನೇ ಚಕ್ರವನ್ನು ಸುಮ್ಮನೆ ನಿಲ್ಲಿಸಿ, ಹಳೆ ಮೂರು ಚಕ್ರದ ಯಂತ್ರದ ತರಹವೇ ಬಳಸ್ತಿದ್ದರು. ಹಳೇದರ ಜೊತೆ ಹೊಂದಿಕೊಳ್ಳೋಕೆ ಹೋಗಿ ಹೊಸದೂ ಹೋಯ್ತು. ಡಿಸೆಂಬರ್‌ನಲ್ಲಿ ಸಂದೇಶಗಳು ಮತ್ತೆ ಓದಲು ಸಿಕ್ಕವು. ಜರ್ಮನರಿಗೆ ಅನುಮಾನ ಬರಲಿಲ್ಲ ಅಂತಲ್ಲ, ಬಂತು. ತನಿಖೆ ಮಾಡಿ, ಎನಿಗ್ಮಾ ಸರಿಯಾಗಿಯೇ ಇದೆ ಅಂತ ತೀರ್ಮಾನಿಸಿದರು.

ನಾವು ಏಕಸಂಬಿಯವರು. ನಮ್ಮ ಕಡೆ ಕಬ್ಬಿನ ಬಿಲ್ಲು, ಹಾಲಿನ ಲೆಕ್ಕ, ಸೊಸೈಟಿ ಸಾಲ ಎಲ್ಲ ಈಗ ಕಂಪ್ಯೂಟರ್‌ನಲ್ಲೇ. ಒಂದು ಆಫೀಸಿನಲ್ಲಿ ಇನ್ನೂ ವಿಂಡೋಸ್ 7 ಓಡ್ತಿದೆ, ಅದಕ್ಕೆ ಸಪೋರ್ಟ್ ನಿಂತದ್ದು 2020ರ ಜನವರಿಯಲ್ಲಿ. ಕೇಳಿದ್ರೆ, ಲೆಕ್ಕದ ಸಾಫ್ಟ್‌ವೇರ್ ಹೊಸದರಾಗ ಓಡಂಗಿಲ್ಲ ಅಂತಾರ. ಅದೂ ಸುಳ್ಳಲ್ಲ, ನಾಲ್ಕನೇ ಚಕ್ರದ ಕಷ್ಟವೂ ಅದೇ ತಾನೆ? 2017ರಲ್ಲಿ ವಾನಾಕ್ರೈ ಹಬ್ಬಿದ್ದು ಮೇ 12ರಂದು, ಅದಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿದ್ದು ಮಾರ್ಚ್‌ನಲ್ಲೇ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ಎಷ್ಟೋ ಕಡೆ ಕೆಲಸ ನಿಲ್ಲಿಸಬೇಕಾಯ್ತು. ಟ್ಯೂರಿಂಗ್ ಅವರ ದೇಶದಲ್ಲೇ.

ಟ್ಯೂರಿಂಗ್ ಕೂಡ ರಿಪೇರಿಯಲ್ಲಿ ಮಾದರಿ ಏನಲ್ಲ. ಅವರ ಸೈಕಲ್ ಚೈನ್ ಇಂತಿಷ್ಟು ಸುತ್ತಿಗೆ ಬಿಡ್ತಿತ್ತಂತೆ. ಅಂಗಡಿಗೆ ಒಯ್ಯೋದು ಬಿಟ್ಟು ಸುತ್ತು ಎಣಿಸುತ್ತಾ ತುಳಿಯೋರು.

ಯುದ್ಧದ ನಂತರ ಅವರು ಎಸಿಇ ಅನ್ನೋ ಕಂಪ್ಯೂಟರ್ ವಿನ್ಯಾಸ ಮಾಡಿದರು, ಮ್ಯಾಂಚೆಸ್ಟರ್‌ನಲ್ಲಿ ಪ್ರೋಗ್ರಾಂ ಬರೆದರು, ಯಂತ್ರ ಯೋಚಿಸಬಲ್ಲದೇ ಅಂತ 1950ರಲ್ಲಿ ಲೇಖನ ಬರೆದರು. 1952ರಲ್ಲಿ ಸಲಿಂಗಿ ಎಂಬ ಕಾರಣಕ್ಕೆ ಕೋರ್ಟು ಶಿಕ್ಷೆ ಕೊಟ್ಟಿತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆ. ಗುಪ್ತ ಕೆಲಸದ ಬಾಗಿಲೂ ಮುಚ್ಚಿತು. ಯಂತ್ರದ ಹಳೆ ದೋಷ ಹುಡುಕಿ ಕೊಟ್ಟವರನ್ನು ಒಂದು ಹಳೆ ಕಾನೂನು ತಿಂದಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ, ಸಯನೈಡ್‌ನಿಂದ ತೀರಿಕೊಂಡರು. ಆತ್ಮಹತ್ಯೆ ಅಂತ ವಿಚಾರಣೆ ಹೇಳಿತು. ರಾಣಿಯ ಕ್ಷಮೆ ಬಂದದ್ದು 2013ರಲ್ಲಿ.

ಪೋದನೂರಿನಲ್ಲಿ ಹುಟ್ಟಿದ ಆ ತಾಯಿ 1959ರಲ್ಲಿ ಮಗನ ಜೀವನಚರಿತ್ರೆ ಬರೆದರು. ಬ್ಲೆಚ್ಲಿಯ ಕೆಲಸ ಆಗ ಇನ್ನೂ ಗುಟ್ಟು, ಮಗ ಏನು ಮಾಡಿದ ಅಂತ ಆ ಪುಸ್ತಕದಲ್ಲಿ ಬರೆಯಲು ಅವರಿಗೂ ಸಾಧ್ಯವಿರಲಿಲ್ಲ.